ಪಾರ್ಲಿಮೆಂಟ್ ಬೇಡವಾಗಿದ್ದರೆ ಚಾರ್ಲ್ಸ್ ದೊರೆ ಅದನ್ನು ಮತ್ತೆ ಕರೆದದ್ದು ಯಾಕೆ?

ಪುಸ್ತಕದಹುಳ:
ಇಂಗ್ಲೆಂಡಿನ ಒಂದನೇ ಚಾರ್ಲ್ಸ್ ಬಗ್ಗೆ ಓದುತ್ತಿದ್ದೇನೆ. 1629ರಲ್ಲಿ ಪಾರ್ಲಿಮೆಂಟನ್ನು ಮನೆಗೆ ಕಳಿಸಿದ. ಹನ್ನೊಂದು ವರ್ಷ ಅದಿಲ್ಲದೇ ಆಳಿದ. ಸುಖವಾಗಿದ್ದ ಅಲ್ವಾ? 1640ರಲ್ಲಿ ಮತ್ತೆ ಕರೆದು ಸುಮ್ನೆ ಕುತ್ತಿಗೆಗೆ ಯಾಕೆ ತಂದುಕೊಂಡ? ಇನ್ನೊಂದು ಅನುಮಾನ. 1649ರಲ್ಲಿ ತಲೆ ಕಡಿದ ಮೇಲೂ ಜಗಳ ಯಾಕೆ ಮುಗಿಯಲಿಲ್ಲ?

ಜಮಾಖರ್ಚು:
ದುಡ್ಡು ಸ್ವಾಮಿ, ದುಡ್ಡು. ನಾನು ಆಡಿಟ್ ಕೆಲಸದವನು, ಯಾವ ರಾಜನ ಕಥೆ ಓದಿದರೂ ಮೊದಲು ಖಜಾನೆ ಕಡೆ ಕಣ್ಣು ಹೋಗುತ್ತದೆ.

ಹಿಂದಿನ ದೊರೆಗಳಿಗೆ ಪಟ್ಟಕ್ಕೆ ಬಂದಾಗಲೇ ಬಂದರು ಸುಂಕವನ್ನು ಜೀವನಪೂರ್ತಿ ಬರೆದುಕೊಡುತ್ತಿದ್ದರು. 1625ರಲ್ಲಿ ಪಾರ್ಲಿಮೆಂಟಿನ ಕೆಳಮನೆಯಾದ ಕಾಮನ್ಸ್ ಸಭೆ ಚಾರ್ಲ್ಸ್‌ಗೆ ಒಂದೇ ವರ್ಷಕ್ಕೆ ಕೊಡುತ್ತೇವೆ ಎಂದಿತು. ಅವನು ಕೇಳದೇ ವಸೂಲಿ ಮಾಡಿದ. 1629ರ ಮಾರ್ಚ್ 2ರಂದು ಸಭೆ ಮುಂದೂಡಲು ದೊರೆಯ ಅಪ್ಪಣೆ ಬಂತು. ಸ್ಪೀಕರ್ ಜಾನ್ ಫಿಂಚ್ ಏಳಲು ಹೋದರೆ ಇಬ್ಬರು ಸದಸ್ಯರು ಹಿಡಿದು ಕುರ್ಚಿಯಲ್ಲೇ ಕೂರಿಸಿದರು! ಆತ ಅಳುತ್ತಿದ್ದ, ಬಾಗಿಲಿಗೆ ಬೀಗ ಬಿದ್ದಿತ್ತು, ಇವರು ಸುಂಕದ ವಿರುದ್ಧದ ಗೊತ್ತುವಳಿಗೆ ಜೈ ಅಂದು ಮುಗಿಸಿದರು.

ಆಮೇಲೆ ‘ಹಡಗಿನ ಹಣ’. ಅಪಾಯ ಬಂದಾಗ ಕರಾವಳಿಯವರು ಹಡಗು ಕೊಡಬೇಕು ಅನ್ನೋದು ಹಳೇ ಪದ್ಧತಿ. ಚಾರ್ಲ್ಸ್ ಯುದ್ಧವೇ ಇಲ್ಲದಾಗ ಕೇಳಿದ. 1635ರಲ್ಲಿ ಒಳನಾಡಿಗೂ ಹಾಕಿದ. ಬಕಿಂಗ್‌ಹ್ಯಾಮ್‌ಶೈರ್‌ಗೂ ಸಮುದ್ರಕ್ಕೂ ಏನು ಸಂಬಂಧ ಹೇಳಿ? ಅಲ್ಲಿನ ಜಾನ್ ಹ್ಯಾಂಪ್ಡನ್ 20 ಶಿಲಿಂಗ್ ಕಟ್ಟಲ್ಲ ಅಂದ. ಸಾಹುಕಾರ, ದುಡ್ಡಿಗೆ ಬರ ಇರಲಿಲ್ಲ. 1638ರಲ್ಲಿ 12 ನ್ಯಾಯಾಧೀಶರಲ್ಲಿ 7 ಜನ ದೊರೆ ಪರ ತೀರ್ಪು ಕೊಟ್ಟರು. ಅವರಲ್ಲಿ ಒಬ್ಬ ಯಾರು ಗೊತ್ತಾ? ಅದೇ ಫಿಂಚ್! ಆದರೆ 5 ಜನ ವಿರುದ್ಧ ಹೋದದ್ದು ಊರಿಗೆಲ್ಲ ಗೊತ್ತಾಯಿತು. ವಸೂಲಿ ಬಿದ್ದುಹೋಯಿತು.

ಮೌನಿ:
ಎಲ್ಲವನ್ನೂ ದುಡ್ಡಿಗೇ ಕಟ್ಟಬೇಡಿ. 1637ರಲ್ಲಿ ಸ್ಕಾಟ್ಲೆಂಡ್ ಮೇಲೆ ಹೊಸ ಪ್ರಾರ್ಥನಾ ಪುಸ್ತಕ ಹೇರಿದ್ದಕ್ಕೇ ಅಲ್ಲವೇ ಅವರು ತಿರುಗಿಬಿದ್ದದ್ದು? ಧರ್ಮದ ಸಿಟ್ಟು ಇಲ್ಲದಿದ್ದರೆ ಈ ಲೆಕ್ಕಾಚಾರ ಇನ್ನೂ ಇಪ್ಪತ್ತು ವರ್ಷ ಓಡುತ್ತಿತ್ತು.

ಜಮಾಖರ್ಚು:
ಒಪ್ಪಿದೆ, ಬೆಂಕಿ ಹತ್ತಿದ್ದು ಅಲ್ಲೇ. ಆದರೆ ಆರಿಸೋಕೆ ಕಾಸಿರಲಿಲ್ಲ. 1640ರ ಏಪ್ರಿಲ್‌ನಲ್ಲಿ ಕರೆದ ಪಾರ್ಲಿಮೆಂಟ್ ಮೊದಲು ನಮ್ಮ ದೂರು ಕೇಳಿ ಅಂದಿತು. ಮೂರೇ ವಾರಕ್ಕೆ ಓಡಿಸಿದ. ಅಷ್ಟರಲ್ಲಿ ಸ್ಕಾಟರು ಇಂಗ್ಲೆಂಡಿನ ನ್ಯೂಕ್ಯಾಸಲ್ ಹಿಡಿದು ಕೂತರು. ಅವರ ಸೈನ್ಯದ ಖರ್ಚು ದಿನಕ್ಕೆ 850 ಪೌಂಡ್, ಕೊಡಬೇಕಾದವನು ಚಾರ್ಲ್ಸ್! ನವೆಂಬರ್‌ನಲ್ಲಿ ಮತ್ತೆ ಕರೆಯದೇ ಬೇರೆ ದಾರಿ ಇರಲಿಲ್ಲ. ಈ ಸಲ ಅವರು ಗಟ್ಟಿ. ನಮ್ಮ ಒಪ್ಪಿಗೆ ಇಲ್ಲದೇ ನಮ್ಮನ್ನು ವಿಸರ್ಜಿಸುವಂತಿಲ್ಲ ಅಂತ 1641ರಲ್ಲಿ ಕಾಯ್ದೆಯನ್ನೇ ಮಾಡಿಸಿಕೊಂಡರು.

ಪುಸ್ತಕದಹುಳ:
ಸರಿ, 1649 ಆದಮೇಲೆ?

ಗಡಿಯಾರ:
ತಲೆ ಹೋಯಿತು, ಗುಣ ಹೋಗಲಿಲ್ಲ. ಅಂತರ್ಯುದ್ಧದಲ್ಲಿ ಚಾರ್ಲ್ಸ್‌ನನ್ನು ಸೋಲಿಸಿದ ಪಾರ್ಲಿಮೆಂಟ್ ಪಡೆಯ ನಾಯಕ ಕ್ರಾಮ್‌ವೆಲ್ ಕೂಡ 1653ರಲ್ಲಿ ಸಿಪಾಯಿಗಳನ್ನು ನುಗ್ಗಿಸಿ ಸಭೆಯನ್ನು ಹೊರಗೆ ಹಾಕಿದ.

ಜಮಾಖರ್ಚು:
1660ರಲ್ಲಿ ಸತ್ತ ದೊರೆಯ ಮಗ ಎರಡನೇ ಚಾರ್ಲ್ಸ್ ರಾಜನಾಗಿ ವಾಪಸ್ ಬಂದ. ನಿಜವಾದ ಎಡವಟ್ಟು 1685ರದ್ದು. ಅವನ ನಂತರ ಪಟ್ಟಕ್ಕೆ ಬಂದ ತಮ್ಮ ಎರಡನೇ ಜೇಮ್ಸ್‌ಗೆ ಪಾರ್ಲಿಮೆಂಟೇ ಖುಷಿಯಾಗಿ ಜೀವನಪೂರ್ತಿ ಆದಾಯ ಬರೆದುಕೊಟ್ಟಿತು. ವ್ಯಾಪಾರವೂ ಚೆನ್ನಾಗಿತ್ತು. ಜೇಬು ತುಂಬಿತು. ಅದೇ ನವೆಂಬರ್‌ನಲ್ಲಿ ಸಭೆ ನಿಲ್ಲಿಸಿದವನು ಮತ್ತೆ ಸೇರಿಸಲೇ ಇಲ್ಲ.

1688ರ ಕೊನೆಗೆ ಅವನು ಫ್ರಾನ್ಸಿಗೆ ಓಡಿಹೋದ. ಮುಂದೆ ಪಟ್ಟಕ್ಕೆ ಬಂದ ವಿಲಿಯಂ ಜೊತೆ ಪಾರ್ಲಿಮೆಂಟ್ ಬಿಗಿಯಾಗಿಯೇ ವ್ಯವಹಾರ ಮಾಡಿತು. ಶಾಂತಿಕಾಲದಲ್ಲಿ ಒಪ್ಪಿಗೆ ಇಲ್ಲದೇ ಸೈನ್ಯ ಇಡುವಂತಿಲ್ಲ. ಸೈನ್ಯದ ಶಿಸ್ತಿನ ಕಾಯ್ದೆಗೂ ಸಣ್ಣ ವಾಯಿದೆ, ಮತ್ತೆ ಮತ್ತೆ ನವೀಕರಿಸಬೇಕು. ದುಡ್ಡನ್ನೂ ಎಳೆದೆಳೆದೇ ಕೊಟ್ಟರು. ದೊರೆಯ ಅಧಿಕಾರಕ್ಕೆ ಮಿತಿ ಹಾಕಿದ 1689ರ ಹಕ್ಕುಗಳ ಮಸೂದೆಯನ್ನು ಎಲ್ಲರೂ ಹೊಗಳುತ್ತಾರೆ, ನನಗೆ ಈ ವಾಯಿದೆಯೇ ಜಾಸ್ತಿ ಇಷ್ಟ. 1689ರಿಂದ ಈಚೆಗೆ ಪಾರ್ಲಿಮೆಂಟ್ ಸೇರದ ವರ್ಷವೇ ಇಲ್ಲ.