ಸಹಾಯ ಬೇಕು: ಎಚ್‌ಎಪ್ರಾಕ್ಸಿ ರೀಲೋಡ್ ಮಾಡಿದಾಗ ಸಂಪರ್ಕಗಳ ಮಿತಿ ಮೀರುತ್ತಿದೆ

ಎಲ್ಲರಿಗೂ ನಮಸ್ಕಾರ. ಬಳಕೆದಾರರ ಸಂಪರ್ಕಗಳನ್ನು ಹಲವು ಸರ್ವರ್‌ಗಳಿಗೆ ಹಂಚುವ ಎಚ್‌ಎಪ್ರಾಕ್ಸಿ ತಂತ್ರಾಂಶವನ್ನು ನಾವು ಮಾಸ್ಟರ್-ವರ್ಕರ್ ವಿಧಾನದಲ್ಲಿ (ಒಂದು ಮುಖ್ಯ ಪ್ರೊಸೆಸ್, ಅದರ ಕೆಳಗೆ ಸಂಪರ್ಕಗಳನ್ನು ನಿಭಾಯಿಸುವ ವರ್ಕರ್ ಪ್ರೊಸೆಸ್) ನಡೆಸುತ್ತಿದ್ದು, ಹಿಂದಿರುವ ಪ್ರತಿಯೊಂದು ಸರ್ವರ್‌ಗೂ ಮ್ಯಾಕ್ಸ್‌ಕಾನ್ (ಏಕಕಾಲದ ಸಂಪರ್ಕಗಳ ಗರಿಷ್ಠ ಮಿತಿ) 200 ಎಂದು ನಿಗದಿಪಡಿಸಿದ್ದೇವೆ. ಕಾನ್ಫಿಗರೇಶನ್ ಬದಲಿಸಿ ರೀಲೋಡ್ ಮಾಡಿದಾಗ ಹೊಸ ವರ್ಕರ್ ಶುರುವಾಗುತ್ತದೆ; ಹಳೆಯ ವರ್ಕರ್ ಹೊಸ ಸಂಪರ್ಕಗಳನ್ನು ಸ್ವೀಕರಿಸುವುದನ್ನು ನಿಲ್ಲಿಸಿದರೂ, ತನ್ನಲ್ಲಿರುವ ವೆಬ್‌ಸಾಕೆಟ್ ಸಂಪರ್ಕಗಳು (ಎರಡೂ ಕಡೆಯಿಂದ ಸಂದೇಶ ಕಳುಹಿಸಲು ದೀರ್ಘಕಾಲ ತೆರೆದಿರುವವು) ಮುಗಿಯುವವರೆಗೆ ಗಂಟೆಗಟ್ಟಲೆ ಉಳಿದುಕೊಳ್ಳುತ್ತದೆ. ಮ್ಯಾಕ್ಸ್‌ಕಾನ್ ಎಣಿಕೆ ಆಯಾ ಪ್ರೊಸೆಸ್‌ಗೆ ಮಾತ್ರ ಸೀಮಿತವಾದ್ದರಿಂದ ಹೊಸ ವರ್ಕರ್ ಸೊನ್ನೆಯಿಂದ ಎಣಿಸತೊಡಗುತ್ತದೆ; ಹೀಗಾಗಿ ಒಂದೇ ಸರ್ವರ್‌ಗೆ ಒಟ್ಟು 400ರವರೆಗೂ ಸಂಪರ್ಕಗಳು ಹೋಗಬಹುದು, ಮತ್ತೊಮ್ಮೆ ರೀಲೋಡ್ ಮಾಡಿದರೆ ಇನ್ನೂ ಹೆಚ್ಚು.

ಹಾರ್ಡ್-ಸ್ಟಾಪ್-ಆಫ್ಟರ್ (ಹಳೆಯ ವರ್ಕರ್ ಬಲವಂತವಾಗಿ ನಿಲ್ಲಬೇಕಾದ ಗಡುವು) 30 ನಿಮಿಷ ಎಂದು ಇಟ್ಟು ನೋಡಿದೆ. ಗಡುವು ಮುಗಿದೊಡನೆ ಉಳಿದ ಸಂಪರ್ಕಗಳೆಲ್ಲ ಒಟ್ಟಿಗೆ ಕಡಿದುಹೋಗಿ, ಬಳಕೆದಾರರ ಆ್ಯಪ್‌ಗಳು ಒಮ್ಮೆಲೇ ಮರುಸಂಪರ್ಕಕ್ಕೆ ಮುಗಿಬೀಳುತ್ತವೆ. ಸರದಿಯಲ್ಲಿ ಕಾಯುವ ಅವಧಿ ಮೀರಿದವರಿಗೆ 503 (ಸೇವೆ ಲಭ್ಯವಿಲ್ಲ) ದೋಷ ಕಾಣಿಸುತ್ತದೆ. ಟೈಮ್‌ಔಟ್ ಟನಲ್ (ಯಾವ ಸಂದೇಶವೂ ಇಲ್ಲದೆ ಇಂಥ ಸಂಪರ್ಕ ತೆರೆದಿರಬಹುದಾದ ಅವಧಿ) ತಗ್ಗಿಸಿದರೂ ಪ್ರಯೋಜನವಾಗಲಿಲ್ಲ, ಏಕೆಂದರೆ ಸಂಪರ್ಕ ಜೀವಂತವಿದೆಯೇ ಎಂದು ನೋಡುವ ಪಿಂಗ್ ಸಂದೇಶ ಹಾದುಹೋದಾಗಲೆಲ್ಲ ಆ ಅವಧಿಯ ಲೆಕ್ಕ ಮೊದಲಿನಿಂದ ಶುರುವಾಗುತ್ತದೆ.

ಅಪ್ಲಿಕೇಶನ್ ಸರ್ವರ್‌ಗಳೇ 1001 ಸಂಕೇತ (ವೆಬ್‌ಸಾಕೆಟ್‌ನಲ್ಲಿ ‘ನಿರ್ಗಮಿಸುತ್ತಿದ್ದೇನೆ’ ಎಂಬ ಸೂಚನೆ) ಕಳುಹಿಸಿ ಸಂಪರ್ಕಗಳನ್ನು ಸ್ವಲ್ಪಸ್ವಲ್ಪವಾಗಿ ಮುಚ್ಚುವುದು ಸರಿಯಾದ ದಾರಿಯೆಂದು ನನಗೆ ತೋರುತ್ತದೆ. ಆದರೆ ಯಾವ ಸಂಪರ್ಕ ಹಳೆಯ ವರ್ಕರ್‌ಗೆ ಸೇರಿದ್ದೆಂದು ಆ ಸರ್ವರ್‌ಗಳಿಗೆ ತಿಳಿಸುವುದು ಹೇಗೆ? ಅಥವಾ ರನ್‌ಟೈಮ್ ಎಪಿಐ (ಎಚ್‌ಎಪ್ರಾಕ್ಸಿ ನಡೆಯುತ್ತಿರುವಾಗಲೇ ಅದಕ್ಕೆ ಆಜ್ಞೆ ಕೊಡುವ ವ್ಯವಸ್ಥೆ) ಮೂಲಕವೇ ಬದಲಾವಣೆ ಮಾಡಿ ರೀಲೋಡನ್ನೇ ತಪ್ಪಿಸಿದವರು ಇಲ್ಲಿದ್ದರೆ, ತಾವು ಅನುಸರಿಸಿದ ಕ್ರಮವನ್ನು ದಯವಿಟ್ಟು ವಿವರಿಸಿ.