ಪೋಡು: ಊರೋ, ಹೊಲವೋ?

ಎಲ್ಲರಿಗೂ ನಮಸ್ಕಾರ.

ತೆಲಂಗಾಣದ ಆದಿವಾಸಿಗಳ ಜಮೀನಿನ ಬಗೆಗಿನ ತೆಲುಗು ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಪೋಡು’ ಎಂಬ ಪದಕ್ಕೆ ನಿಮ್ಮ ನೆರವು ಬೇಕು.

ತೆಲುಗಿನಲ್ಲಿ ಪೋಡು ಎಂದರೆ ಕಾಡು ಕಡಿದು, ಸುಟ್ಟು, ಆ ಬೂದಿಯ ನೆಲದಲ್ಲಿ ಬಿತ್ತುವ ಬೇಸಾಯ. ಕೆಲವು ವರ್ಷ ಬೆಳೆದ ಮೇಲೆ ಅದನ್ನು ಕಾಡಿಗೇ ಬಿಟ್ಟು ಬೇರೆ ಕಡೆ ಹೋಗುತ್ತಿದ್ದರು. ಈಗ ಗೋಂಡರು, ಕೋಯರು ಪ್ರತಿವರ್ಷ ಒಂದೇ ಜಾಗವನ್ನು ಉತ್ತು ಹತ್ತಿ, ಮುಸುಕಿನ ಜೋಳ ಬೆಳೆಯುತ್ತಾರೆ. ಆದರೂ ಅದು ಪೋಡು ಭೂಮಿಯೇ. 2023ರಲ್ಲಿ ಸರ್ಕಾರ ಅಲ್ಲಿ ಹಂಚಿದ್ದೂ ‘ಪೋಡು ಪಟ್ಟಾ’.

ಕನ್ನಡದಲ್ಲಿ ಹಾಗೇ ಬರೆದರೆ ಚಾಮರಾಜನಗರದವರಿಗೆ ಗೊಂದಲ ಆಗುತ್ತೆ ಅಲ್ವಾ? ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಪೋಡು ಎಂದರೆ ಮನೆಗಳಿರುವ ಜಾಗ, ಊರು. ಹೊಸಪೋಡು, ಬಂಗ್ಲೆ ಪೋಡು ಎಂಬ ಹೆಸರುಗಳೇ ಇವೆ. ಹೆಗ್ಗಡದೇವನಕೋಟೆ, ಕೊಡಗಿನ ಕಡೆ ಜೇನುಕುರುಬರ ಊರಿಗೆ ಹಾಡಿ ಅನ್ನುತ್ತಾರಲ್ಲ, ಹಾಗೆ. ಕಂದಾಯ ಇಲಾಖೆಯ ‘ಪೋಡಿ’ ಇನ್ನೂ ಬೇರೆ. ಅದು ಸರ್ವೆ ನಂಬರನ್ನು ಭಾಗ ಮಾಡುವ ಕೆಲಸ.

ಕಾಡು ಕಡಿದು ಸುಟ್ಟು ಬಿತ್ತುವ ಬೇಸಾಯಕ್ಕೆ ನಮ್ಮಲ್ಲಿ ‘ಕುಮರಿ’ ಎಂಬ ಹಳೆಯ ಪದ ಇದೆ. ಉತ್ತರ ಕನ್ನಡದಲ್ಲಿ ಬ್ರಿಟಿಷರು ಬಿಗಿಹಿಡಿದು ಅಡಗಿಸಿದ ಬೇಸಾಯ ಅದೇ. ಆದರೆ ಹತ್ತಿ ಬೆಳೆಯುವ ಇವತ್ತಿನ ಹೊಲಕ್ಕೆ ಕುಮರಿ ಎಂದರೆ, ಈ ಜನ ಈಗಲೂ ಕಾಡು ಸುಡುತ್ತಿದ್ದಾರೆ ಎಂದು ಓದುಗರು ತಿಳಿಯುತ್ತಾರೆ.

‘ಅರಣ್ಯ ಒತ್ತುವರಿ’ ಎಂದು ಹಾಕು ಎಂದು ಒಬ್ಬ ಗೆಳೆಯರು ಹೇಳಿದರು. ಅದನ್ನು ನಾನು ಖಂಡಿತ ಬಳಸುವುದಿಲ್ಲ. 2005ರ ಡಿಸೆಂಬರ್ 13ಕ್ಕೆ ಮೊದಲೇ ಉಳುತ್ತಿದ್ದ ಬುಡಕಟ್ಟು ಕುಟುಂಬಕ್ಕೆ 4 ಹೆಕ್ಟೇರಿನ ತನಕ ಹಕ್ಕಿದೆ ಎಂದು 2006ರ ಅರಣ್ಯ ಹಕ್ಕು ಕಾಯ್ದೆಯೇ ಹೇಳುತ್ತದೆ. ಪಟ್ಟಾ ಇಲ್ಲದಿದ್ದರೆ ಆ ಜಮೀನಿನ ಮೇಲೆ ಬ್ಯಾಂಕಿನ ಬೆಳೆ ಸಾಲ ಸಿಗುವುದೂ ಕಷ್ಟ, ಸಾಹುಕಾರನ ಬಡ್ಡಿಯೇ ಗತಿ. ಅರ್ಜಿ ಹಾಕಿ ಕಾಯುತ್ತಿರುವವರನ್ನು ಒತ್ತುವರಿದಾರರು ಎಂದು ಕರೆಯುವುದು ಅನ್ಯಾಯ. ಸದ್ಯಕ್ಕೆ ‘ಪೋಡು ಹೊಲ’ ಎಂದು ಬರೆದು, ಮೊದಲ ಸಲ ಬಂದಾಗ ಒಂದು ಸಾಲಿನ ವಿವರಣೆ ಕೊಟ್ಟಿದ್ದೇನೆ.

ಯಳಂದೂರು, ಕೊಳ್ಳೇಗಾಲ, ಹನೂರು ಕಡೆಯವರು ದಯವಿಟ್ಟು ಹೇಳಿ. ಸೋಲಿಗರೂ ಹಿಂದೆ ಕಾಡು ಸುಟ್ಟು ರಾಗಿ ಬಿತ್ತುತ್ತಿದ್ದರು. ಆ ಹೊಲಕ್ಕೆ ಅವರ ಮಾತಿನಲ್ಲಿ ಏನನ್ನುತ್ತಾರೆ? ಹೊಲದ ಹೆಸರೇ ಪಕ್ಕದ ಗುಡಿಸಲುಗಳಿಗೂ ಅಂಟಿ, ಆಮೇಲೆ ಊರಿನ ಹೆಸರಾಯಿತೇ ಎಂಬುದು ನನ್ನ ಊಹೆ. ಎರಡು ಪೋಡುಗಳಿಗೂ ಬೇರು ಒಂದೇ ಇರಬಹುದೇ? ಹಿರಿಯ ಸೋಲಿಗರ ಬಾಯಲ್ಲಿ ಕೇಳಿದ ಒಂದೆರಡು ವಾಕ್ಯ ಇದ್ದರೆ, ಅವರು ಆಡಿದ ಹಾಗೆಯೇ ಬರೆದು ಕಳಿಸಿ.