ಧಾರಾವಾಹಿ ಮುಂದುವರಿಸಲಾ, ಕಾದಂಬರಿ ಮುಗಿಸಲಾ?

ಶಿರಸಿ ಕಡೆಯವಳು
ಎಲ್ಲರಿಗೂ ನಮಸ್ಕಾರ. ಆರು ತಿಂಗಳಿಂದ ಒಂದು ವಿಷಯ ತಲೆ ತಿನ್ನುತ್ತಿದೆ.

ನಾನು ಮೊಬೈಲ್ ಆಪ್ ಒಂದರಲ್ಲಿ ಧಾರಾವಾಹಿ ಬರೆಯುತ್ತೇನೆ. ಶ್ರೀಮಂತ ಹುಡುಗ, ಬಡ ಹುಡುಗಿ, ಒಪ್ಪಂದದ ಮದುವೆ. 140 ಕಂತು ದಾಟಿದೆ. ತಿಂಗಳಿಗೆ ಆರೇಳು ಸಾವಿರ ಬರುತ್ತದೆ. ಮಗಳ ಶಾಲೆ ವ್ಯಾನು, ಅತ್ತೆಯ ಮಾತ್ರೆ ಎರಡೂ ಇದರಲ್ಲೇ ಆಗುತ್ತವೆ.

ಇನ್ನೊಂದು ಕಡೆ ಒಂದು ಕಾದಂಬರಿ ನಾಲ್ಕು ವರ್ಷದಿಂದ ಅರ್ಧಕ್ಕೇ ನಿಂತಿದೆ. ನನ್ನ ಅಮ್ಮ ಅಡಿಕೆ ಸುಲಿಯಲು ಹೋಗುತ್ತಿದ್ದಳು. ಕೊಯ್ಲಿನ ದಿನಗಳಲ್ಲಿ ರಾತ್ರಿ ಹನ್ನೊಂದಾದರೂ ಮೆಟ್ಟುಗತ್ತಿ ಬಿಟ್ಟು ಏಳುತ್ತಿರಲಿಲ್ಲ. ಸುಲಿದ ಡಬ್ಬದ ಲೆಕ್ಕಕ್ಕೆ ಕೂಲಿ. ಆ ಸಾಲಿನಲ್ಲಿ ಕೂತ ಹೆಂಗಸರು ಆಡುತ್ತಿದ್ದ ಮಾತೆಲ್ಲ ನನ್ನ ಕಿವಿಯಲ್ಲಿ ಇನ್ನೂ ಇದೆ. ಕಾದಂಬರಿ ಅವರದ್ದೇ.

ಒಬ್ಬ ಪ್ರಕಾಶಕರಿಗೆ ಮೂರು ಅಧ್ಯಾಯ ಕಳಿಸಿದ್ದೆ. ಚೆನ್ನಾಗಿದೆ, ಆದರೆ ಕೊಳ್ಳುವವರು ಯಾರು, ಒಂದು ಪ್ರೇಮಕತೆ ಸೇರಿಸಿ ಅಂದರು. ಏನು ಮಾಡಲಿ?

ನೇರ ಮಾತು
ಧಾರಾವಾಹಿ ಇವತ್ತೇ ನಿಲ್ಲಿಸಿ. ಒಪ್ಪಂದದ ಮದುವೆಯ ಕತೆ ಬರೆಯಲು ನೂರು ಜನ ಇದ್ದಾರೆ. ನಿಮ್ಮಮ್ಮನ ಕತೆ ಬರೆಯಲು ನೀವೊಬ್ಬರೇ. ಮನಸ್ಸಿಲ್ಲದೆ ಬರೆದ ಪ್ರತಿ ಕಂತೂ ನಿಮ್ಮ ಕಾದಂಬರಿಯ ಶಕ್ತಿಯನ್ನು ತಿನ್ನುತ್ತಿದೆ. ಮಾರುಕಟ್ಟೆಗೆ ಒಂದು ಸಲ ಒಗ್ಗಿದ ಕೈ ಮತ್ತೆ ತಿರುಗುವುದು ಕಷ್ಟ.

ಪುಸ್ತಕದಂಗಡಿ
ಮೇಲಿನವರು ವ್ಯಾನಿನ ದುಡ್ಡು ಯಾರು ಕೊಡಬೇಕು ಅಂತ ಹೇಳಲಿಲ್ಲ.

ಅಕ್ಕ, ನಾನು ಇಪ್ಪತ್ತು ವರ್ಷದಿಂದ ಕನ್ನಡ ಪುಸ್ತಕ ಮಾರುತ್ತಿದ್ದೇನೆ. ಲೆಕ್ಕ ಕೇಳಿ. ನಿಮ್ಮ ಕಾದಂಬರಿಗೆ 200 ರೂಪಾಯಿ ಬೆಲೆ ಅಂದುಕೊಳ್ಳಿ. ಲೇಖಕರಿಗೆ ಸಾಮಾನ್ಯವಾಗಿ ನೂರಕ್ಕೆ ಹತ್ತು, ಅಂದರೆ ಪ್ರತಿಗೆ 20 ರೂಪಾಯಿ. ಮೊದಲೆಲ್ಲ 1000 ಪ್ರತಿ ಹಾಕಿಸುತ್ತಿದ್ದರು. ಈಗ 500 ಹಾಕಿಸಲೂ ಯೋಚಿಸುತ್ತಾರೆ. ಆ 500 ಪೂರ್ತಿ ಖರ್ಚಾದರೆ ನಿಮಗೆ 10,000 ರೂಪಾಯಿ. ನಾಲ್ಕು ವರ್ಷದ ಕೆಲಸಕ್ಕೆ! ಧಾರಾವಾಹಿಯಲ್ಲಿ ಅದು ಎರಡು ತಿಂಗಳೂ ಇಲ್ಲದ ದುಡಿಮೆ. ಗ್ರಂಥಾಲಯದ ಸಗಟು ಖರೀದಿಗೆ ಆಯ್ಕೆಯಾದರೆ ಸ್ವಲ್ಪ ಉಸಿರು ಬರುತ್ತದೆ, ಅದನ್ನು ನಂಬಿ ಕೂರಲಾಗದು.

ಇದನ್ನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಪ್ರೇಮಕತೆ ಸೇರಿಸಿದರೂ ಇದೇ ಲೆಕ್ಕ, ಸೇರಿಸದಿದ್ದರೂ ಇದೇ. ಹೀಗಿರುವಾಗ ಮಾರುಕಟ್ಟೆಗಾಗಿ ಕಾದಂಬರಿ ಕೆಡಿಸಿಕೊಂಡು ಸಿಗುವುದಾದರೂ ಏನು? ಸೇರಿಸಬೇಡಿ.

ಹಾವೇರಿ ಮಾಸ್ತರ
ಅಂಗಡಿಯವರ ಮಾತು ಸರಿ. ನಮ್ಮ ಊರ ಕಡೆಯ ಗಳಗನಾಥರು (1869–1942) ನೆನಪಾದರು. ಕನ್ನಡದಲ್ಲಿ ಕಾದಂಬರಿ ಅಂದರೇನು ಅಂತ ಜನರಿಗೆ ಇನ್ನೂ ಗೊತ್ತಿಲ್ಲದ ಕಾಲ. ಅವರು ಬರೆದರು, ಅಚ್ಚು ಹಾಕಿಸಿದರು, ಆಮೇಲೆ ಪುಸ್ತಕದ ಗಂಟನ್ನು ಹೊತ್ತು ಊರೂರು ನಡೆದು ಮಾರಿದರು. ಜಿ.ಪಿ. ರಾಜರತ್ನಂ ಕೂಡ ಚೀಲದಲ್ಲಿ ಪುಸ್ತಕ ತುಂಬಿಕೊಂಡು ತಿರುಗಿದವರು. ಧಾರವಾಡದಲ್ಲಿ 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಮೊದಲೇ ಚಂದಾ ತೆಗೆದುಕೊಂಡು ಓದುಗರಿಗೆ ಪುಸ್ತಕ ಕಳಿಸುವ ದಾರಿ ಹಿಡಿಯಿತು.

ಇವರ್ಯಾರೂ ಮಾರುವುದನ್ನು ಕೀಳು ಅಂದುಕೊಳ್ಳಲಿಲ್ಲ ನೋಡ್ರಿ. ಆದರೆ ಮೊದಲು ಬರೆದು, ನಂತರ ಗಂಟು ಕಟ್ಟಿದರು. ನೀವೂ ಕಾದಂಬರಿ ಮುಗಿಸಿ. ಚಂದಾದಾರರನ್ನು ಹುಡುಕುವ ಕೆಲಸಕ್ಕೆ ನಾವು ನಾಲ್ಕು ಜನ ಕೈಜೋಡಿಸುತ್ತೇವೆ.

ಹಳೇ ಓದುಗ
ಮನಸ್ಸಿಗೆ ಬರೆದದ್ದು ಯಾವುದು, ದುಡ್ಡಿಗೆ ಬರೆದದ್ದು ಯಾವುದು ಅಂತ ಹೊರಗಿನವರಿಗೆ ಅಷ್ಟು ಸುಲಭಕ್ಕೆ ಗೊತ್ತಾಗುತ್ತದಾ? ಅ.ನ.ಕೃ. ಅವರನ್ನೇ ನೋಡಿ. ಬರವಣಿಗೆ ನಂಬಿಯೇ ಬದುಕಿದವರು. ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಎಷ್ಟೋ ಅವಸರದವು, ಒಪ್ಪುತ್ತೇನೆ. ಆದರೆ ‘ಸಂಧ್ಯಾರಾಗ’ ಬರೆದದ್ದೂ ಅದೇ ಕೈ. ಸಂಗೀತದ ಮೇಲೆ ಅವರಿಗಿದ್ದ ಪ್ರೀತಿ ಅದರ ಪುಟಪುಟದಲ್ಲೂ ಇದೆ. ವೇಶ್ಯಾ ಸಮಸ್ಯೆಯ ಬಗ್ಗೆ ‘ನಗ್ನಸತ್ಯ’, ‘ಶನಿ ಸಂತಾನ’ ಬರೆದಾಗ ಅಶ್ಲೀಲ ಅಂತ ದೊಡ್ಡ ಗದ್ದಲವಾಯಿತು. ಅವರು ಹಿಂದೆ ಸರಿಯಲಿಲ್ಲ, ತಮ್ಮ ನಿಲುವು ಹೇಳಲು ಬೇರೆಯೇ ಪುಸ್ತಕ ಬರೆದರು. ದುಡ್ಡೊಂದೇ ಬೇಕಿದ್ದವರು ಅಷ್ಟು ಬಡಿದಾಡುತ್ತಾರಾ?

ನೇರ ಮಾತು
ಅ.ನ.ಕೃ. ಕಾಲದ ಓದುಗರು ಬೇರೆ, ಆಪಿನ ಓದುಗರು ಬೇರೆ. ಒಂದು ಕಂತು ಎರಡು ನಿಮಿಷದಲ್ಲಿ ಓದಿ ಬೆರಳು ಸರಿಸುವವರನ್ನು ಓದುಗರು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಲೈಬ್ರರಿ ಮೆಟ್ಟಿಲು
ಈ ಮಾತು ಓದಿ ಸಂಕಟವಾಯಿತು. ದಯವಿಟ್ಟು ಹಾಗನ್ನಬೇಡಿ.

ನಮ್ಮಮ್ಮ ನಾಲ್ಕನೇ ಕ್ಲಾಸು. ಪಕ್ಕದ ಮನೆಗೆ ‘ಸುಧಾ’ ಬರುತ್ತಿತ್ತು. ಅವರು ಓದಿ ಮುಗಿಸಿದ ಮೇಲೆ ಅಮ್ಮನ ಕೈಗೆ. ಮೊದಮೊದಲು ಬೆರಳಿಟ್ಟು ಕೂಡಿಸಿ ಓದುತ್ತಿದ್ದಳು. ಮುಂದಿನ ವಾರ ಏನಾಗುತ್ತದೋ ಎಂಬ ಆಸೆಗೇ ಓದು ಚುರುಕಾಯಿತು. ಧಾರಾವಾಹಿಯ ಹಾಳೆಗಳನ್ನು ಜೋಪಾನವಾಗಿ ಬಿಡಿಸಿ, ವಾರದ ಕ್ರಮದಲ್ಲಿ ಜೋಡಿಸಿ, ಗೋಣಿ ಹೊಲಿಯುವ ದಬ್ಬಳದಲ್ಲಿ ಹೊಲಿದು ಪುಸ್ತಕ ಮಾಡುತ್ತಿದ್ದಳು. ಅಂಥ ಹನ್ನೊಂದು ಪುಸ್ತಕ ಈಗಲೂ ನನ್ನ ಕಪಾಟಿನಲ್ಲಿವೆ. ಅರಿಸಿನದ ಕೈಗುರುತು ಎಲ್ಲದರಲ್ಲೂ ಇದೆ.

ಅವನ್ನೆಲ್ಲ ಅಡುಗೆಮನೆ ಸಾಹಿತ್ಯ ಅಂತ ತಳ್ಳಿಹಾಕಿದವರಿದ್ದರು. ಆದರೆ ಅಮ್ಮ ಕೊನೆಕೊನೆಗೆ ಕಾರಂತರನ್ನೂ ಓದಿದಳು. ಆ ಹನ್ನೊಂದು ಪುಸ್ತಕ ಇಲ್ಲದಿದ್ದರೆ ಅಲ್ಲಿಗೆ ಮುಟ್ಟುತ್ತಿರಲಿಲ್ಲ.

ಶಿರಸಿಯವರೇ, ನಿಮ್ಮ ಕಂತಿಗೆ ಕಾಯುವವರಲ್ಲಿ ಇಂಥ ಅಮ್ಮಂದಿರು ಇದ್ದೇ ಇರುತ್ತಾರೆ. ಅವರಿಗೆ ಒಳ್ಳೆಯದನ್ನೇ ಬರೆಯಿರಿ.

ನೇರ ಮಾತು
ಕ್ಷಮಿಸಿ ಮೇಡಂ. ಓದುಗರ ಬಗ್ಗೆ ಅಂದದ್ದು ತಪ್ಪು, ವಾಪಸ್ ತೆಗೆದುಕೊಳ್ಳುತ್ತೇನೆ. ಕೈ ಒಗ್ಗಿಹೋಗುತ್ತದೆ ಎಂಬ ಮಾತನ್ನು ಮಾತ್ರ ಬಿಡುವುದಿಲ್ಲ.

ಸಂಭಾಷಣೆ ಬರೆಯುವವ
ಆ ಮಾತು ನಿಜ. ನಾನೇ ಸಾಕ್ಷಿ. ಒಂಬತ್ತು ವರ್ಷದಿಂದ ಟಿವಿ ಧಾರಾವಾಹಿಗೆ ಸಂಭಾಷಣೆ ಬರೆಯುತ್ತಿದ್ದೇನೆ. ಗುರುವಾರ ಟಿಆರ್‌ಪಿ ಬರುತ್ತದೆ. ಅಂಕಿ ಇಳಿದರೆ ಕತೆಯ ಟ್ರ್ಯಾಕ್ ಬದಲು. ಬ್ಯಾಂಕಿಂಗ್, ಅಂದರೆ ಮುಂಚೆಯೇ ಶೂಟ್ ಮಾಡಿಟ್ಟ ಕಂತು, ಕಡಿಮೆಯಿದ್ದರೆ ಬೆಳಿಗ್ಗೆ ಬರೆದ ಸೀನು ಮಧ್ಯಾಹ್ನ ಶೂಟ್ ಆಗುತ್ತದೆ.

ಇದರಿಂದ ನಾನು ಕಲಿತದ್ದೂ ಬಹಳ. ಮನಸ್ಸು ಬರಲಿ ಅಂತ ಕಾಯದೆ ಕೂತು ಬರೆಯುವುದು, ಎರಡು ಸಾಲಿನಲ್ಲಿ ಒಬ್ಬ ಮನುಷ್ಯ ಎಂಥವನು ಅಂತ ತೋರಿಸುವುದು. ಆದರೆ ಹೋದ ವರ್ಷ ನನ್ನದೇ ಒಂದು ಕತೆ ಬರೆಯಲು ಕೂತೆ. ಅಜ್ಜ ಹೊಲ ಮಾರಿದ ದಿನದ ಕತೆ. ನೋಡಿದರೆ ನನ್ನ ಅಜ್ಜ ಪ್ರತಿ ಸನ್ನಿವೇಶದ ಕೊನೆಗೂ ಬೆಚ್ಚಿಬೀಳಿಸುವ ಒಂದು ಮಾತು ಆಡುತ್ತಿದ್ದಾನೆ! ನಿಜವಾದ ಅಜ್ಜ ಆ ದಿನ ಬಾಯೇ ಬಿಟ್ಟಿರಲಿಲ್ಲ. ಹರಿದು ಹಾಕಿದೆ.

ಈಗ ಕಂಡುಕೊಂಡ ದಾರಿ ಇಷ್ಟೇ. ಬೆಳಿಗ್ಗೆ ಎದ್ದ ತಕ್ಷಣ, ಫೋನು ಮುಟ್ಟುವ ಮೊದಲು, ನನ್ನದು. ಪೆನ್ನಿನಲ್ಲಿ, ನೋಟ್‌ಬುಕ್ಕಿನಲ್ಲಿ. ಸೀರಿಯಲ್ಲು ಆಮೇಲೆ, ಲ್ಯಾಪ್‌ಟಾಪಿನಲ್ಲಿ. ಮೊದಲು ಸೀರಿಯಲ್ಲು ಬರೆದ ದಿನ ಅಜ್ಜನ ಬಾಯಿ ಮತ್ತೆ ಜಾಸ್ತಿಯಾಗುತ್ತದೆ.

ಹಾಸನದಿಂದ
ನಮ್ಮೂರಿನ ಬಾನು ಮುಷ್ತಾಕ್ ಅವರ ಹೆಸರು ಇನ್ನೂ ಯಾರೂ ಎತ್ತಿಲ್ಲವಲ್ಲ. ವಕೀಲಿ ಮಾಡುತ್ತಲೇ ತಮ್ಮ ಸುತ್ತಲಿನ ಮುಸ್ಲಿಂ ಹೆಣ್ಣುಮಕ್ಕಳ ಕತೆ ಬರೆದರು. ದೀಪಾ ಭಾಸ್ತಿ ಅನುವಾದಿಸಿದ್ದು ಅವುಗಳಲ್ಲಿ 12 ಕತೆ, 1990ರಿಂದ 2023ರವರೆಗೆ ಬರೆದವು. 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ಪ್ರೇಮಕತೆ ಸೇರಿಸಿ ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಲಿ.

ಪುಸ್ತಕದಂಗಡಿ
ಅದು ನಮ್ಮೆಲ್ಲರ ಹೆಮ್ಮೆ. ಆದರೆ ಪ್ರಶಸ್ತಿ ತೋರಿಸಿ ಇವರಿಗೆ ಆಸೆ ಹುಟ್ಟಿಸಬೇಡಿ ಸರ್. ಮೂವತ್ತು ವರ್ಷ ಬೂಕರ್ ಬರುತ್ತದೆ ಅಂತಲಾ ಬರೆದದ್ದು? ಆಗಲೂ ಕೋರ್ಟಿಗೆ ಹೋಗಿ ದುಡಿಯುತ್ತಿದ್ದರು. ಇವರಿಗೆ ಕೋರ್ಟಿನ ಜಾಗದಲ್ಲಿ ಧಾರಾವಾಹಿ ಇದೆ, ಅಷ್ಟೇ.

ಶಿರಸಿ ಕಡೆಯವಳು
ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಧಾರಾವಾಹಿ ನಿಲ್ಲಿಸುವುದಿಲ್ಲ. ಬೆಳಿಗ್ಗೆ ಐದರಿಂದ ಆರೂವರೆ ಕಾದಂಬರಿಗೆ. ನೋಟ್‌ಬುಕ್ಕು ತಂದಿಟ್ಟಿದ್ದೇನೆ.

ಸಂಭಾಷಣೆ ಬರೆಯುವ ಅಣ್ಣ ಹೇಳಿದ್ದು ಓದಿ ಎದೆ ಧಸಕ್ಕೆಂದಿತು. ಆ ಮೂರನೇ ಅಧ್ಯಾಯ ತೆಗೆದು ನೋಡಿದೆ. ಮೆಟ್ಟುಗತ್ತಿಗೆ ಅಮ್ಮನ ಬೆರಳು ಕೊಯ್ದು, ರಕ್ತ ನೋಡಿ ಎಲ್ಲರೂ ಕಿರುಚುವಲ್ಲಿಗೆ ಅಧ್ಯಾಯ ನಿಲ್ಲಿಸಿದ್ದೇನೆ. ಥೇಟ್ ಆಪಿನ ಕಂತಿನ ಹಾಗೆ. ನಿಜದಲ್ಲಿ ಯಾರೂ ಕಿರುಚಿರಲಿಲ್ಲ. ಅಮ್ಮ ಸೆರಗಿನ ಅಂಚು ಹರಿದು ಸುತ್ತಿಕೊಂಡು ಸುಲಿಯುತ್ತಲೇ ಇದ್ದಳು. ಪಕ್ಕದವಳು ತನ್ನ ಡಬ್ಬದಿಂದ ಎರಡು ಬೊಗಸೆ ಸುಲಿದ ಅಡಿಕೆ ತೆಗೆದು ಅಮ್ಮನ ಡಬ್ಬಕ್ಕೆ ಹಾಕಿದಳು. ಲೆಕ್ಕ ಬರೆಯುವವರಿಗೆ ಕಾಣದ ಹಾಗೆ. ಇದನ್ನು ನಾನು ಬರೆದೇ ಇಲ್ಲ!

ನಾಳೆ ಅಲ್ಲಿಂದಲೇ ಶುರು. ಮುಗಿದ ಮೇಲೆ ಓದಲು ಯಾರಿಗೆ ಬಿಡುವಿದೆ?

ಲೈಬ್ರರಿ ಮೆಟ್ಟಿಲು
ನನಗಿದೆ. ಕಳಿಸಿ.

ನೇರ ಮಾತು
ನನಗೂ.